ಪ್ರಶ್ನೋತ್ತರ: ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ಮೇಲೆ ಎಂಜಿನ್ ತಕರಾರು

ಮೆಕ್ಯಾನಿಕ್: ಹೊಸದಾಗಿ ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಎಂಜಿನ್ ತೊಂದರೆಗೆ ಸಿಕ್ಕವರು ಇಲ್ಲಿ ಕೇಳಿ. ಪೆಟ್ರೋಲೋ ಡೀಸೆಲೋ, ಎಷ್ಟು ಓಡಿದೆ, ತೊಂದರೆ ಬರುವುದು ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಹೊಗೆ ಇದ್ದರೆ ಬಣ್ಣ ಯಾವುದು, ಸ್ಕ್ಯಾನರ್ ಹಾಕಿಸಿದ್ದರೆ ಕೋಡ್ ಏನು, ಇಷ್ಟು ಬರೆಯಿರಿ. "ಸೌಂಡ್ ಬರ್ತಿದೆ, ಏನು ಮಾಡ್ಲಿ" ಅಂದರೆ ನಾನು ಏನೂ ಹೇಳಲಾರೆ.

ಕೆಂಪು ಹ್ಯಾಚ್‌ಬ್ಯಾಕ್: ಪೆಟ್ರೋಲ್, 62,000 ಕಿ.ಮೀ. ಐಡಲ್‌ನಲ್ಲಿ ನಡುಗುತ್ತೆ, ಪಿಕಪ್ ಇಲ್ಲ. ಚೆಕ್ ಎಂಜಿನ್ ಲೈಟ್ ಹತ್ತಿದೆ. ಕೋಡ್ ಪಿ0302.

ಮೆಕ್ಯಾನಿಕ್: ಎರಡನೇ ಸಿಲಿಂಡರ್ ಮಿಸ್ಸಿಂಗ್, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಅದರ ಇಗ್ನಿಷನ್ ಕಾಯಿಲ್ ಮೂರನೆಯದಕ್ಕೆ, ಮೂರನೆಯದರದ್ದು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಹತ್ತು ನಿಮಿಷ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ಹೋಗಿದೆ. ಪಿ0302 ಅಲ್ಲೇ ಉಳಿದರೆ ಪ್ಲಗ್ ಹಾಗೇ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ (ಪಿಸ್ಟನ್ ಸಿಲಿಂಡರಿನಲ್ಲಿ ಎಬ್ಬಿಸುವ ಒತ್ತಡ) ನೋಡಿ. ಲೈಟ್ ಮಿಣುಕುತ್ತಿದ್ದರೆ ಮಾತ್ರ ಓಡಿಸಲೇಬೇಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸುತ್ತದೆ.

ಬಿಳಿ ಸೆಡಾನ್: ಸರ್, ಪೆಟ್ರೋಲ್, ನಾಲ್ಕು ಸಿಲಿಂಡರ್, 98,000 ಕಿ.ಮೀ. ತಗೊಂಡು 3 ವಾರ ಆಯ್ತು. ವಾರಕ್ಕೆ ಅರ್ಧ ಲೀಟರ್ ಕೂಲೆಂಟ್ ಇಳಿಯುತ್ತಿದೆ, ಕೆಳಗೆ ಒಂದು ಹನಿಯೂ ಬೀಳಲ್ಲ. ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ. ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋಗಿ ಇಳಿಜಾರಿನಲ್ಲಿ ಕೆಳಗೆ ಬರುತ್ತೆ. ನೀರು ತುಂಬಿಸಿಕೊಂಡು ಓಡಿಸ್ತಿದ್ದೀನಿ. ಹಾಗೇ ಓಡಿಸಬಹುದಾ?

ಮೆಕ್ಯಾನಿಕ್: ಬೇಡ. ಗಾಡಿ ಇವತ್ತೇ ನಿಲ್ಲಿಸಿ.

ಹೊರಗೆ ಸೋರದ ಕೂಲೆಂಟ್ ಎಂಜಿನ್ ಒಳಗೇ ಎಲ್ಲೋ ಹೋಗುತ್ತಿದೆ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್, ಬಿಟ್ಟಿರುವ ಲಕ್ಷಣ. ಗ್ಯಾಸ್ಕೆಟ್ ಬಿಟ್ಟರೆ ಕೂಲೆಂಟ್ ಸಿಲಿಂಡರಿಗೆ ಇಳಿಯಬಹುದು, ಎಂಜಿನ್ ಆಯಿಲ್‌ಗೂ ಸೇರಬಹುದು. ಸಿಲಿಂಡರಿಗೆ ಇಳಿದದ್ದು ಆವಿಯಾಗಿ ಬಿಳಿ ಹೊಗೆಯಾಗುತ್ತದೆ. ಚಳಿಯಲ್ಲಿ ಯಾವ ಗಾಡಿಯಲ್ಲೂ ಒಂದೆರಡು ನಿಮಿಷ ಬಿಳಿ ಆವಿ ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆಯಿದ್ದರೆ ಅದು ಕೂಲೆಂಟೇ. ರಾತ್ರಿ ನಿಂತಲ್ಲೇ ಒಂದು ಸಿಲಿಂಡರಿನಲ್ಲಿ ಸಾಕಷ್ಟು ಸೇರಿಕೊಂಡರೆ, ಬೆಳಿಗ್ಗೆ ಸೆಲ್ಫ್ ಹೊಡೆದಾಗ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಯಿಲ್‌ಗೆ ಸೇರಿದರೆ ಬೇರಿಂಗ್ ಹಾಳು. ಗ್ಯಾಸ್ಕೆಟ್ ಕೆಲಸದಲ್ಲಿ ಮುಗಿಯಬೇಕಾದದ್ದು ಎಂಜಿನ್ ಬಿಚ್ಚುವವರೆಗೆ ಹೋಗುವುದು ಹೀಗೆ.

ಮುಳ್ಳನ್ನೂ ನಂಬಬೇಡಿ. ಕೂಲೆಂಟ್ ಕಡಿಮೆಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತರೆ, ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ಕೆಳಗೇ ತೋರಿಸುತ್ತದೆ.

ಈ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿಸಿ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕ್ಯಾಪ್ ತೆಗೆದು ಕೂಲಿಂಗ್ ಸಿಸ್ಟಮ್‌ಗೆ ಪ್ರೆಷರ್ ಪಂಪ್ ಹಾಕಿ. ಕ್ಯಾಪ್ ಮೇಲೆ ಬರೆದಿರುವ ಒತ್ತಡದವರೆಗೆ ಮಾತ್ರ, ಬಹಳಷ್ಟು ಗಾಡಿಗಳಲ್ಲಿ ಅದು 1.1 ಬಾರ್ ಆಸುಪಾಸು. ಇಪ್ಪತ್ತು ನಿಮಿಷ ಬಿಡಿ. ಒತ್ತಡ ಇಳಿದು ಹೊರಗೆ ಎಲ್ಲೂ ಒದ್ದೆಯಿಲ್ಲ ಅಂದರೆ ಮೊದಲು ಕಾಲಿಡುವ ಜಾಗದ ಕಾರ್ಪೆಟ್ ಮುಟ್ಟಿ ನೋಡಿ, ಹೀಟರ್ ಕೋರ್ ಸೋರಿದರೆ ಅಲ್ಲಿ ಒದ್ದೆ. ಅಲ್ಲೂ ಒಣಗಿದ್ದರೆ ನಾಲ್ಕೂ ಪ್ಲಗ್ ಬಿಚ್ಚಿ. ಮೂರು ಕಂದಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಬರುತ್ತಿದೆ.

ಆಮೇಲೆ ಬ್ಲಾಕ್ ಟೆಸ್ಟರ್. ನೀಲಿ ದ್ರವ ಇರುವ ಗಾಜಿನ ಕೊಳವೆ. ಕೂಲೆಂಟ್ ಟೆಸ್ಟರ್ ಒಳಗೆ ಏರದಷ್ಟು ಅದರ ಮಟ್ಟ ತಗ್ಗಿಸಿ, ಕ್ಯಾಪ್ ಜಾಗದಲ್ಲಿ ಟೆಸ್ಟರ್ ಕೂರಿಸಿ, ಎಂಜಿನ್ ಓಡಿಸಿ ಅಲ್ಲಿನ ಗಾಳಿಯನ್ನು ದ್ರವದ ಮೂಲಕ ಎಳೆಯಿರಿ. ಪೆಟ್ರೋಲ್ ಗಾಡಿಯಲ್ಲಿ ನೀಲಿ ಹಳದಿಗೆ ತಿರುಗಿದರೆ ಉರಿದ ಗ್ಯಾಸ್ ಕೂಲೆಂಟಿಗೆ ನುಗ್ಗುತ್ತಿದೆ, ಹೆಡ್ ಇಳಿಸಬೇಕು. ಕೊನೆಗೆ ಕಂಪ್ರೆಷನ್: ನಾಲ್ಕೂ ಪ್ಲಗ್ ತೆಗೆದು, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೂ ಐದಾರು ಸುತ್ತು ಸೆಲ್ಫ್. ಬ್ಯಾಟರಿ ತುಂಬಿರಬೇಕು. ನಾಲ್ಕೂ ಅಂಕಿ ಇಲ್ಲಿ ಹಾಕಿ.

ಬಿಸಿ ಎಂಜಿನ್‌ನಲ್ಲಿ ಕ್ಯಾಪ್ ತೆಗೆಯಬೇಡಿ. ಒತ್ತಡ ಬಿಟ್ಟ ಕ್ಷಣ ಒಳಗಿನ ನೀರು ಕುದ್ದು ಮುಖಕ್ಕೆ ಚಿಮ್ಮುತ್ತದೆ.

ಹಳೇ ಡ್ರೈವರ್: ಇಷ್ಟೆಲ್ಲಾ ಬೇಕಾಗಿಲ್ಲ. ಇದು ಬೇರೆ ಗ್ರೂಪಿನಿಂದ ಬಂದ ಫಾರ್ವರ್ಡ್: "ರೇಡಿಯೇಟರಿಗೆ 2 ಮೊಟ್ಟೆಯ ಬಿಳಿ, ಒಂದು ಚಮಚ ಕಾಳುಮೆಣಸಿನ ಪುಡಿ ಹಾಕಿ, ಲೀಕ್ ತಾನೇ ಮುಚ್ಚುತ್ತೆ. ಥರ್ಮೋಸ್ಟಾಟ್ ತೆಗೆದುಬಿಡಿ, ಹೀಟ್ ಆಗಲ್ಲ."

ಮೆಕ್ಯಾನಿಕ್: ಇದನ್ನು ಯಾರೂ ಮಾಡಬೇಡಿ. ಮೊಟ್ಟೆ ಬೆಂದು ಗಟ್ಟಿಯಾಗುವುದು ನಿಜ. ಆದರೆ ಅದಕ್ಕೆ ರೇಡಿಯೇಟರಿನ ತೂತು ಯಾವುದು, ನೀರು ಹರಿಯುವ ಸಣ್ಣ ಕೊಳವೆ ಯಾವುದು ಅಂತ ಗೊತ್ತಾಗುವುದಿಲ್ಲ. ಹೀಟರ್ ಕೋರ್ ಮತ್ತು ರೇಡಿಯೇಟರ್ ಕೊಳವೆ ಮೊದಲು ಕಟ್ಟಿಕೊಳ್ಳುತ್ತವೆ, ಗಾಡಿ ಇನ್ನಷ್ಟು ಹೀಟ್ ಆಗುತ್ತದೆ. ಅಂಗಡಿಯ ಲೀಕ್ ಸ್ಟಾಪ್ ಪುಡಿಯೂ ಇದೇ ಜಾತಿ. ಸಿಲಿಂಡರ್ ಒಳಗಿನ ಒತ್ತಡಕ್ಕೆ ಇವು ಯಾವುವೂ ನಿಲ್ಲುವುದಿಲ್ಲ.

ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್. ಅದನ್ನು ತೆಗೆದರೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ, ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ, ಅದು ಸಿಲಿಂಡರ್ ಗೋಡೆ ತೊಳೆದು ಆಯಿಲ್‌ಗೆ ಇಳಿಯುತ್ತದೆ. ಥರ್ಮೋಸ್ಟಾಟ್ ಮೇಲೆ ಅನುಮಾನವಿದ್ದರೆ ಅದನ್ನು ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ ಒತ್ತಿರುವ ಉಷ್ಣಾಂಶದಲ್ಲಿ, ಸಾಮಾನ್ಯವಾಗಿ 82ರಿಂದ 90 ಡಿಗ್ರಿ ಸೆಲ್ಸಿಯಸ್ ನಡುವೆ, ತೆರೆಯಲು ಶುರುವಾಗಬೇಕು. ತೆರೆಯದಿದ್ದರೆ ಹೊಸದು ಹಾಕಿ.

ನೀಲಿ ಹೊಗೆ: ಪೆಟ್ರೋಲ್, 1,20,000 ಕಿ.ಮೀ. ಸೈಲೆನ್ಸರಿನಲ್ಲಿ ನೀಲಿ ಹೊಗೆ, 1000 ಕಿ.ಮೀ.ಗೆ ಸುಮಾರು ಮುಕ್ಕಾಲು ಲೀಟರ್ ಆಯಿಲ್ ಕುಡಿಯುತ್ತೆ.

ಮೆಕ್ಯಾನಿಕ್: ಯಾವಾಗ ಬರುತ್ತದೆ ಅನ್ನುವುದೇ ಉತ್ತರ. ರಾತ್ರಿ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ, ಅಥವಾ ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಒಂದು ಉಂಡೆ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಲೋಡಿನಲ್ಲಿ ಎಳೆಯುವಾಗ ಬಿಡದೆ ಬಂದರೆ ಪಿಸ್ಟನ್ ರಿಂಗ್. ಎರಡಕ್ಕೂ ಮುಂಚೆ ಪಿಸಿವಿ ವಾಲ್ವ್ (ಆಯಿಲ್ ಚೇಂಬರಿನ ಗ್ಯಾಸ್ ಹೊರಗೆಳೆದು ಎಂಜಿನ್‌ಗೇ ಉರಿಯಲು ಬಿಡುವ ವಾಲ್ವ್) ನೋಡಿ. ಅದು ಕಟ್ಟಿಕೊಂಡರೂ ಆಯಿಲ್ ಕುಡಿಯುತ್ತದೆ.

ಹಳೇ ಡ್ರೈವರ್: ಅದಕ್ಕೆ 20ಡಬ್ಲ್ಯೂ-50 ಹಾಕಿ ಅನ್ನೋದು. ದಪ್ಪ ಆಯಿಲ್ ಹಾಕಿದರೆ ಹೊಗೆಯೂ ನಿಲ್ಲುತ್ತೆ, ಸೌಂಡೂ ನಿಲ್ಲುತ್ತೆ.

ಐದು ಗೇರ್: ಸೌಂಡ್ ಕಮ್ಮಿ ಆಯ್ತು ಅಂದ್ರೆ ರಿಪೇರಿ ಆಯ್ತು ಅಂತಲ್ಲ ಅಣ್ಣ. ಮಾರೋರು ಅದನ್ನೇ ಮಾಡೋದು. 5ಡಬ್ಲ್ಯೂ-30 ಬರೆದಿರೋ ಎಂಜಿನ್‌ಗೆ 50 ಹಾಕಿದ್ರೆ ತಣ್ಣಗಿದ್ದಾಗ ಕ್ಯಾಮ್‌ವರೆಗೆ ಆಯಿಲ್ ತಲುಪೋದು ತಡ. ವೇರಿಯಬಲ್ ವಾಲ್ವ್ ಟೈಮಿಂಗ್ ಇರೋ ಎಂಜಿನ್‌ನಲ್ಲಿ ಅದೇ ಆಯಿಲ್ ಒತ್ತಡದಿಂದಲೇ ಕ್ಯಾಮ್ ತಿರುಗೋದು, ಸಣ್ಣ ದಾರಿಗಳು.

ಹಳೇ ಡ್ರೈವರ್: 5 ಅಂದ್ರೆ ನೀರು. ಬಿಸಿಲಿಗೆ ನಿಲ್ಲುತ್ತಾ ಅದು?

ಐದು ಗೇರ್: 5 ತಣ್ಣಗಿದ್ದಾಗಿನ ಲೆಕ್ಕ, ಡಬ್ಲ್ಯೂ ಅಂದ್ರೆ ವಿಂಟರ್. ಬಿಸಿ ಎಂಜಿನ್‌ಗೆ ನೋಡಬೇಕಾದ್ದು ಹಿಂದಿನ ಅಂಕಿ. 100 ಡಿಗ್ರಿಯಲ್ಲಿ 5ಡಬ್ಲ್ಯೂ-30, 10ಡಬ್ಲ್ಯೂ-30 ಎರಡೂ ಒಂದೇ ದರ್ಜೆ. ಇದು ಗೊತ್ತಿಲ್ಲದೆ ಬೇರೆಯವರ ಗಾಡಿಗೆ ಸಲಹೆ ಕೊಡಬೇಡಿ.

ಹಳೇ ಡ್ರೈವರ್: ಪುಸ್ತಕ ಓದಿ ಎಂಜಿನ್ ನಡೆಯಲ್ಲ. ಮಾತು ಸರಿಯಾಗಿರಲಿ.

ಐದು ಗೇರ್: ಪುಸ್ತಕ ಅಂದ್ರೆ ಆ ಗಾಡಿ ಮಾಡಿದವರು ಕೊಟ್ಟ ಮ್ಯಾನುಯಲ್. ಅದನ್ನೇ ಓದಿ ಅಂತಿರೋದು.

ಆಟೋಮ್ಯಾಟಿಕ್: ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಜರ್ಕ್ ಹೊಡೆಯುತ್ತೆ. ಗೇರ್ ಆಯಿಲ್ ಬದಲಾಯಿಸಬಹುದಾ?

ಡೀಸೆಲ್ ಎಸ್‌ಯುವಿ: ಸರ್, ಡೀಸೆಲ್, 84,000 ಕಿ.ಮೀ., ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದೆ. ದಿನಕ್ಕೆ 5-6 ಕಿ.ಮೀ. ಅಷ್ಟೇ ಓಡಾಟ. ಆಯಿಲ್ ಬದಲಾಯಿಸಿ ಎರಡು ತಿಂಗಳಾಯ್ತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗುರುತು ದಾಟಿದೆ. ಒಳ್ಳೇದಾ?

ಮೆಕ್ಯಾನಿಕ್: ಒಳ್ಳೆಯದಲ್ಲ, ಅಪಾಯ. ಡಿಪಿಎಫ್‌ನಲ್ಲಿ ಸೇರಿದ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಬಿಡುತ್ತದೆ. ಆ ಕೆಲಸ ಮುಗಿಯುವ ಮೊದಲೇ ನೀವು ಗಾಡಿ ಆಫ್ ಮಾಡುತ್ತಿದ್ದೀರಿ. ಮತ್ತೆ ಮತ್ತೆ ಹೀಗಾಗಿ ಉರಿಯದ ಡೀಸೆಲ್ ರಿಂಗ್ ದಾಟಿ ಆಯಿಲ್ ಚೇಂಬರಿಗೆ ಇಳಿದಿದೆ. ತೆಳುವಾದ ಆಯಿಲ್ ಬೇರಿಂಗನ್ನು, ಟರ್ಬೊವನ್ನು ಕಾಯುವುದಿಲ್ಲ. ಮಟ್ಟ ಇನ್ನೂ ಏರಿದರೆ ಬ್ರೀದರ್ ಪೈಪಿನಿಂದ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಓಡಲು ಶುರುಮಾಡುತ್ತದೆ. ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಮ್ಯಾನುಯಲ್ ಗೇರ್ ಆದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಿಸಬೇಕು.

ಆಯಿಲ್, ಫಿಲ್ಟರ್ ಎರಡೂ ಈಗಲೇ ಬದಲಾಯಿಸಿ. ಡಿಪಿಎಫ್ ಗಾಡಿಗೆ ಬೂದಿ ಕಡಿಮೆ ಇರುವ ಆಯಿಲೇ ಬೇಕು, ದರ್ಜೆ ಮ್ಯಾನುಯಲ್‌ನಲ್ಲಿದೆ. ಡಿಪಿಎಫ್ ಎರಡು ಬದಿಯ ಒತ್ತಡ ಅಳೆಯುವ ಸೆನ್ಸರ್ ರೀಡಿಂಗ್ ನೋಡಿಸಿ, ನಂತರ ಸ್ಕ್ಯಾನರಿನಿಂದ ರೀಜನರೇಷನ್, ಅಂದರೆ ಆ ಮಸಿ ಸುಡುವ ಕೆಲಸ, ಮಾಡಿಸಿ. ಡಿಪಿಎಫ್ ಒಡೆದು ಖಾಲಿ ಮಾಡಿಸಬೇಡಿ.

ಹೊಸ ಮಾಲೀಕ: ನೋಡಲು ಹೋದಾಗ ಚೆಕ್ ಎಂಜಿನ್ ಲೈಟ್ ಇರಲಿಲ್ಲ. ತಂದ ಮೂರನೇ ದಿನ ಬಂತು. ಅಳಿಸಿ ಕೊಟ್ಟರಾ?

ಮೆಕ್ಯಾನಿಕ್: ಸ್ಕ್ಯಾನರಿನಲ್ಲಿ ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಅನ್ನುವುದು ಬಹಳ ಗಾಡಿಗಳಲ್ಲಿ ಕಾಣುತ್ತದೆ. ರೆಡಿನೆಸ್ ಮಾನಿಟರ್ ಪಟ್ಟಿಯೂ ನೋಡಿ, ಅದು ಗಾಡಿ ತಾನೇ ಮಾಡಿಕೊಳ್ಳುವ ಪರೀಕ್ಷೆಗಳ ಪಟ್ಟಿ. ಹಲವು "ಅಪೂರ್ಣ" ಅಂತಿದ್ದರೆ ಇತ್ತೀಚೆಗೆ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಸ್ಕ್ರೀನಿನ ಫೋಟೋ ತೆಗೆದಿಟ್ಟುಕೊಂಡು ಮಾತನಾಡಿ.

ಚೈನ್ ಸೌಂಡ್: ಬೆಳಿಗ್ಗೆ ಸ್ಟಾರ್ಟ್ ಮಾಡಿದ ಎರಡು ಮೂರು ಸೆಕೆಂಡ್ ಗರಗರ ಅಂದು ನಿಲ್ಲುತ್ತೆ. ಪೆಟ್ರೋಲ್, 1,05,000.

ಮೆಕ್ಯಾನಿಕ್: ಮೊದಲು ಒಳ್ಳೆಯ ಆಯಿಲ್ ಫಿಲ್ಟರ್ ಹಾಕಿ, ಒಳಗಿನ ವಾಲ್ವ್ ಕೆಟ್ಟರೆ ಆಯಿಲ್ ರಾತ್ರಿ ಪೂರ್ತಿ ಕೆಳಗಿಳಿಯುತ್ತದೆ. ನಿಲ್ಲದಿದ್ದರೆ ಚೈನ್ ಟೆನ್ಷನರ್. ತಡ ಮಾಡಬೇಡಿ, ಚೈನ್ ಹಲ್ಲು ಹಾರಿದರೆ ಬಹಳ ಎಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ.

ಗ್ರೇ ಹ್ಯಾಚ್‌ಬ್ಯಾಕ್: ನನ್ನದೂ ಕೂಲೆಂಟ್ ಇಳಿಯುತ್ತೆ. ಬರೀ ನೀರು ಹಾಕಬಹುದಾ?

ಮೆಕ್ಯಾನಿಕ್: ಸೆಡಾನ್‌ಗೆ ಬರೆದದ್ದು ಓದಿ.

ಗ್ರೇ ಹ್ಯಾಚ್‌ಬ್ಯಾಕ್: ಓದಿದೆ ಸರ್, ನೀರು ಹಾಕಬಹುದಾ ಅಂತ ಅಷ್ಟೇ.

ಮೆಕ್ಯಾನಿಕ್: ಗ್ಯಾರೇಜ್ ಮುಟ್ಟುವವರೆಗೆ ಹಾಕಿ. ಖಾಯಂ ಬೇಡ. ನಲ್ಲಿ ನೀರು ಒಳಗೆ ಗಾರೆಗಟ್ಟುತ್ತದೆ. ಅರ್ಧ ಗ್ಲೈಕಾಲ್ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಬಣ್ಣ ನೋಡಿ ಬೆರೆಸಬೇಡಿ, ಜಾತಿ ಬೇರೆಯಾದರೆ ಲೋಳೆಯಾಗುತ್ತದೆ.

ಹಳೇ ಡ್ರೈವರ್: ಆಯಿಲ್ ಬದಲಾಯಿಸುವ ಮುಂಚೆ ಅರ್ಧ ಲೀಟರ್ ಸೀಮೆಎಣ್ಣೆ ಹಾಕಿ ಓಡಿಸಿದರೆ ಒಳಗೆಲ್ಲಾ ಕ್ಲೀನ್.

ಮೆಕ್ಯಾನಿಕ್: ಇಲ್ಲಿಗೆ ಫಾರ್ವರ್ಡ್ ನಿಲ್ಲಿಸಿ. ಹಳೇ ಜಿಡ್ಡು ಒಂದೇ ಸಲ ಕಳಚಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಂಡರೆ ಮೇಲೆ ಆಯಿಲ್ ಹೋಗುವುದಿಲ್ಲ. ಜಿಡ್ಡಿದ್ದರೆ ಚೇಂಬರ್ ಬಿಚ್ಚಿ ಜಾಲರಿ ತೊಳೆಯಿರಿ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಅಳಿಸುತ್ತೇನೆ.

ಆಟೋಮ್ಯಾಟಿಕ್: ನನ್ನ ಪ್ರಶ್ನೆ ಮೇಲಿದೆ ಸರ್.

ಬಿಳಿ ಸೆಡಾನ್: ಸರ್, ಪರೀಕ್ಷೆ ಆಯ್ತು. ನೀಲಿ ದ್ರವ ಹಳದಿ ಆಯ್ತು. ಕಂಪ್ರೆಷನ್ ಒಂದರಿಂದ ನಾಲ್ಕರವರೆಗೆ: 12.5, 6, 6.5, 12 ಬಾರ್. ಎರಡು ಮತ್ತು ಮೂರಕ್ಕೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆದರೂ ಏರಲಿಲ್ಲ. ಎಂಜಿನ್ ಬೋರ್ ಮಾಡಿಸಬೇಕು, ಅಂದ್ರೆ ಸಿಲಿಂಡರ್ ಕೊರೆಸಿ ಅಗಲ ಮಾಡಿಸಬೇಕು ಅಂತಿದ್ದಾರೆ ಗ್ಯಾರೇಜಿನವರು.

ಮೆಕ್ಯಾನಿಕ್: ಈ ಅಂಕಿ ನೋಡಿ ಬೋರ್ ಮಾಡಿಸಬೇಡಿ. ರಿಂಗ್ ಸವೆದಿದ್ದರೆ ಆಯಿಲ್ ಬಿಟ್ಟಾಗ ಏರಬೇಕಿತ್ತು. ಪಕ್ಕಪಕ್ಕದ ಎರಡು ಮಾತ್ರ ಬಿದ್ದಿವೆ. ಅವೆರಡರ ನಡುವಿನ ಸಣ್ಣ ಗೋಡೆಯ ಮೇಲೆ ಗ್ಯಾಸ್ಕೆಟ್ ಸುಟ್ಟಿದೆ. ಹೆಡ್ ಇಳಿಸಿ, ಅಲ್ಲಿ ಕಪ್ಪು ಗೆರೆ ಕಾಣುತ್ತದೆ.

ಹೆಡ್ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು ಅದರಡಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. ಬಹಳ ಅಲ್ಯೂಮಿನಿಯಂ ಹೆಡ್‌ಗಳಿಗೆ ಮಿತಿ 0.05 ಮಿ.ಮೀ. ಆಸುಪಾಸು, ನಿಮ್ಮ ಎಂಜಿನ್ನಿನದು ಸರ್ವಿಸ್ ಪುಸ್ತಕದಲ್ಲಿ ನೋಡಿಸಿ. ಮೀರಿದ್ದರೆ ಫೇಸಿಂಗ್, ಅಂದರೆ ಹೆಡ್ ಮೇಲ್ಮೈಯನ್ನು ಮಷೀನಿನಲ್ಲಿ ಸಮ ಮಾಡಿಸುವುದು. ಅದಕ್ಕೂ ಮುಂಚೆ ಬಿರುಕಿಗೆ ಪ್ರೆಷರ್ ಟೆಸ್ಟ್ ಮಾಡಿಸಿ, ಬಿರುಕು ಬಿಟ್ಟ ಹೆಡ್‌ಗೆ ಫೇಸಿಂಗ್ ದಂಡ. ಬ್ಲಾಕ್ ಮೇಲ್ಮೈಯನ್ನೂ ಹಾಗೇ ಅಳೆಯಿರಿ. ಹಳೇ ಗ್ಯಾಸ್ಕೆಟ್ ಕೆರೆಯಲು ಗ್ರೈಂಡರಿಗೆ ಉಜ್ಜುವ ಡಿಸ್ಕ್ ಹಾಕಲು ಬಿಡಬೇಡಿ, ಆ ಪುಡಿ ಆಯಿಲ್ ದಾರಿಗೆ ಇಳಿದು ಬೇರಿಂಗ್ ತಿನ್ನುತ್ತದೆ. ಬೋಲ್ಟ್ ತೂತುಗಳಲ್ಲಿ ನೀರು, ಆಯಿಲ್ ಉಳಿಯಬಾರದು. ಬಿಗಿಮಾಡುವಾಗ ಅದು ಹೋಗಲು ದಾರಿಯಿಲ್ಲದೆ ಬ್ಲಾಕ್ ಸೀಳಬಹುದು. ಹಿಗ್ಗುವ ಜಾತಿಯ ಬೋಲ್ಟ್ ಆದರೆ ಎಲ್ಲವೂ ಹೊಸದು. ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಟಾರ್ಕ್ ರೆಂಚ್, ಕೊನೆಗೆ ಪುಸ್ತಕ ಹೇಳಿದಷ್ಟು ಡಿಗ್ರಿ.

ಗ್ಯಾಸ್ಕೆಟ್ ಸುಮ್ಮನೆ ಸುಡುವುದು ಅಪರೂಪ. ಮುಂಚೆ ಯಾವಾಗಲೋ ಈ ಗಾಡಿ ಹೀಟ್ ಆಗಿದೆ. ಫ್ಯಾನ್ ತಿರುಗುತ್ತಿದೆಯಾ, ವಾಟರ್ ಪಂಪ್ ಸರಿಯಿದೆಯಾ, ರೇಡಿಯೇಟರ್ ಒಳಗೆ ಪುಡಿ ಗಿಡಿ ಸಿಗುತ್ತದಾ ನೋಡಿಸಿ. ಥರ್ಮೋಸ್ಟಾಟ್, ಕ್ಯಾಪ್ ಎರಡೂ ಹೊಸದು ಹಾಕಿ. ಇವನ್ನು ಬಿಟ್ಟರೆ ಹೊಸ ಗ್ಯಾಸ್ಕೆಟ್ಟೂ ಸುಡುತ್ತದೆ. ಜೋಡಿಸಿದ ಮೇಲೆ ಹೊಸ ಆಯಿಲ್, ಫಿಲ್ಟರ್, 500 ಕಿ.ಮೀ. ಓಡಿಸಿ ಮತ್ತೊಮ್ಮೆ. ಫೀಲರ್ ಗೇಜ್ ಅಳತೆ ಬಂದ ಕೂಡಲೇ ಇಲ್ಲಿ ಹಾಕಿ, ಫೇಸಿಂಗಿಗೆ ಕೊಡುವ ಮೊದಲೇ.

ಬಿಳಿ ಸೆಡಾನ್: ಹಾಕ್ತೀನಿ ಸರ್. ನಾಳೆ ಹೆಡ್ ಇಳಿಸ್ತಾರೆ.

ಹಳೇ ಡ್ರೈವರ್: ಬೋಲ್ಟ್ ಹಳೇದೇ ಹಾಕಬಹುದು, ಏನಾಗಲ್ಲ.

ಐದು ಗೇರ್: ದಯವಿಟ್ಟು ಸುಮ್ಮನಿರಿ.

ಮೆಕ್ಯಾನಿಕ್: ಸೆಡಾನ್, ಬೋಲ್ಟ್ ಹೊಸದೇ.