ನೂಲಿಗೆ ಜೋತುಬಿದ್ದ ‘ಇರುವೆ’ ನಿಜಕ್ಕೂ ಏನು?

ಪ್ರಶ್ನೆ:
ಚಗಳಿ ಇರುವೆಗಳ ಸಾಲಿನಿಂದ ಗೇಣು ದೂರದಲ್ಲಿ, ಅದೇ ಕೆಂಗಂದು ಬಣ್ಣದ ಒಂಟಿ ಇರುವೆಯೊಂದು ಎಲೆಯ ಮೇಲೆ ಓಡಾಡುತ್ತಿತ್ತು. ಚಿತ್ರ ತೆಗೆಯಲೆಂದು ಬಗ್ಗಿದ ಕೂಡಲೇ ಅದು ಎಲೆಯಂಚಿನಿಂದ ಧುಮುಕಿ ನೂಲೊಂದಕ್ಕೆ ಜೋತುಬಿದ್ದಿತು. ಇರುವೆ ನೂಲು ಬಿಡುವುದುಂಟೆ? ಜೇಡವೆನ್ನೋಣವೆಂದರೆ ದೇಹ ಮೂರು ಭಾಗವಾಗಿ ಕಾಣುತ್ತಿತ್ತು, ತಲೆಯ ಮುಂದೆ ಮೀಸೆಗಳೂ ಆಡುತ್ತಿದ್ದವು.

ಉತ್ತರ 1:
ಅದು ಜೇಡವೇ. ಚಗಳಿಯ ಗೂಡು ಹೆಣೆಯುವ ನೂಲು ಅದರ ಮರಿಹುಳುವಿನದು. ಬೆಳೆದ ಇರುವೆ ನೂಲು ಬಿಡುವುದಿಲ್ಲ. ನೀವು ಕಂಡದ್ದು ಬಹುಶಃ ಮಿರ್ಮಾರಾಕ್ನೆ ಬಳಗದ ಜಿಗಿಯುವ ಜೇಡ. ಅದರ ದೇಹದ ಮುಂಭಾಗ ನಡುವೆ ಕಿರಿದಾಗಿರುವುದರಿಂದ ತಲೆ ಮತ್ತು ಎದೆ ಬೇರೆಬೇರೆ ಎಂಬ ಭ್ರಮೆ ಹುಟ್ಟುತ್ತದೆ. ಮೀಸೆಯಂತೆ ಆಡಿದ್ದು ಮೇಲೆತ್ತಿದ ಮುಂಗಾಲುಗಳು. ಕಚ್ಚುವ, ಆಮ್ಲ ಚಿಮ್ಮುವ, ಗುಂಪಾಗಿ ಮೇಲೆ ಬೀಳುವ ಇರುವೆಯನ್ನು ಅನೇಕ ಬೇಟೆಗಾರ ಪ್ರಾಣಿಗಳು ದೂರವಿಡುವುದರಿಂದ, ನಿರಪಾಯಿಯಾದ ಜೇಡವೂ ಆ ವೇಷದಲ್ಲಿ ಪಾರಾಗುತ್ತದೆ. ಇಂಥ ಅನುಕರಣೆಯನ್ನು 1862ರಲ್ಲಿ ಹೆನ್ರಿ ವಾಲ್ಟರ್ ಬೇಟ್ಸ್ ಚಿಟ್ಟೆಗಳನ್ನು ನೋಡಿ ವಿವರಿಸಿದ್ದರು.

ಉತ್ತರ 2:
ವೇಷ ಯಾರ ಕಣ್ಣಿಗಾಗಿ ಎಂಬುದನ್ನೂ ಕೇಳಬೇಕು. ಇರುವೆಗಳು ತಮ್ಮವರನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ. ಆದ್ದರಿಂದ ರೂಪವಷ್ಟೇ ಹೋಲುವ ಮಿರ್ಮಾರಾಕ್ನೆಯು ಇರುವೆಗಳ ಕೈಗೆ ಸಿಕ್ಕರೆ ಸತ್ತಂತೆಯೇ, ನೀವು ಹೇಳಿದ ಆ ಗೇಣು ದೂರ ಅದಕ್ಕೇ. ಕಾಸ್ಮೊಫೇಸಿಸ್ ಬೈಟೀನಿಯೇಟಾ ಎಂಬ ಜೇಡವಾದರೋ ಚಗಳಿಯ ಮೈವಾಸನೆಯನ್ನೇ ಹೊತ್ತು ಅದರ ಮರಿಹುಳುಗಳನ್ನು ತಿನ್ನುತ್ತದೆ. ಅಮಿಸಿಯೇಯಾ ಎಂಬ ಏಡಿಜೇಡ ಇನ್ನೂ ಕುತಂತ್ರಿ: ಅದರ ಹೊಟ್ಟೆಯ ತುದಿಯ ಎರಡು ಕಪ್ಪು ಚುಕ್ಕೆಗಳು ಇರುವೆಯ ಕಣ್ಣುಗಳಂತೆ ಕಾಣುತ್ತವೆ, ಅದರ ಬೇಟೆಯೂ ಚಗಳಿಯೇ.

ಉತ್ತರ 3:
ಸಣ್ಣ ತಿದ್ದುಪಡಿ. ಮುಂಗಾಲೆತ್ತಿಕೊಂಡೇ ಅದು ಆರು ಕಾಲಲ್ಲಿ ನಡೆಯುತ್ತದೆಂದು ತಿಳಿಯಬಾರದು. ಮಿರ್ಮಾರಾಕ್ನೆ ಫಾರ್ಮಿಕೇರಿಯಾವನ್ನು ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದಾಗ, ಅದು ಎಂಟೂ ಕಾಲೂರಿ ನಡೆದು, ನಿಂತ ಅರೆಗಳಿಗೆಯಲ್ಲಿ ಮಾತ್ರ ಮುಂಗಾಲೆತ್ತುವುದು ಕಂಡುಬಂದಿತು. ಇರುವೆಯ ವೇಷ ತೊಡುವ ಕೆಲವು ಮಿಡತೆ ಮತ್ತು ತಿಗಣೆ ಜಾತಿಯ ಕೀಟಗಳ ಮರಿಗಳಿಗೆ ಈ ತೊಡಕಿಲ್ಲ, ಅವುಗಳಿಗಿರುವುದೇ ಆರು ಕಾಲು.

ಪ್ರಶ್ನೆ ಕೇಳಿದವರು:
ಚಿತ್ರವನ್ನು ಹಿಗ್ಗಿಸಿ ನೋಡಿದೆ. ಕಾಲು ಎಂಟು, ಮುಂದೆ ಎರಡು ದೊಡ್ಡ ಕಣ್ಣು, ಹೊಟ್ಟೆಯ ತುದಿಯಲ್ಲಿ ಚುಕ್ಕೆಗಳಿಲ್ಲ. ಬಾಯಿಯ ಮುಂದೆ ದೇಹದ ಅರ್ಧದಷ್ಟು ಉದ್ದದ ಏನೋ ಚಾಚಿಕೊಂಡಿದೆ, ಬೇಟೆಯನ್ನು ಕಚ್ಚಿಕೊಂಡಿದೆಯೆಂದುಕೊಂಡಿದ್ದೆ.

ಉತ್ತರ 1:
ಅದು ಬೇಟೆಯಲ್ಲ, ಗಂಡು ಜೇಡದ ದವಡೆ.