ಹಳೆ ಆಟ, ಹೊಸ ಗ್ರಾಫಿಕ್ಸ್ ಕಾರ್ಡ್: ರಿಪೇರಿಯವರನ್ನು ಕೇಳಿ

ಶಿರಸಿ: ಅಣ್ಣ, ಹೊಸ ಕಂಪ್ಯೂಟರ್ ತಗಂಡೆ. ವಿಂಡೋಸ್ 11, 8 ಜಿಬಿ ಕಾರ್ಡು. 1999ರ ಕಾರ್ ಆಟ ಮಿಡ್‌ಟೌನ್ ಮ್ಯಾಡ್‌ನೆಸ್ ಹಾಕಿದ್ರೆ ಪರದೆ ಕಪ್ಪಾಗಿ ವಾಪಸ್ ಡೆಸ್ಕ್‌ಟಾಪಿಗೇ ಬರ್ತು. ಬೇರೆ ಗ್ರೂಪಲ್ಲಿ ಬಂದ ಜಿಪ್ ಬಿಚ್ಚಿ ಇಪ್ಪತ್ತು ಡಿಎಲ್‌ಎಲ್ (ಆಟ ಬಳಸೋ ಪೂರಕ ಫೈಲು) ವಿಂಡೋಸಿನ ಸಿಸ್ಟಮ್32 ಫೋಲ್ಡರಿಗೆ ಹಾಕ್ದೆ. ಆಂಟಿವೈರಸ್ ಬಂದ್ ಮಾಡಿ ಸೆಟಪ್ ಓಡ್ಸಿ ಅಂತಿತ್ತು, ಅದನ್ನೂ ಮಾಡ್ದೆ. ಅಪ್ಪನ ಅಡಿಕೆ ಲೆಕ್ಕವೂ ಇದ್ರಲ್ಲೇ ಇದ್ದು.

ರಿಪೇರಿಯವರು, ಕಾರವಾರ: ತಮ್ಮಾ, ಆಟ ಆಮೇಲೆ. ಆ ಜಿಪ್ಪಿನಲ್ಲಿ ವೈರಸ್ ಇದ್ದಿರಬಹುದು, ಈಗಲೇ ನೆಟ್ ಬಂದ್ ಮಾಡು. ಅಪ್ಪ ಆ ಕಂಪ್ಯೂಟರಲ್ಲಿ ಬ್ಯಾಂಕ್ ತೆರೆಯುತ್ತಾರಾದರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಲಿ, ಇವತ್ತೇ. ವಿಂಡೋಸಿನ ಆಂಟಿವೈರಸ್ ಡಿಫೆಂಡರ್ ಚಾಲೂ ಮಾಡಿ ಆಫ್‌ಲೈನ್ ಸ್ಕ್ಯಾನ್ ಕೊಡು. ವಿಂಡೋಸ್ ಏಳುವ ಮೊದಲೇ ಅದು ಹುಡುಕುತ್ತದೆ. ಏನಾದರೂ ಸಿಕ್ಕಿದರೆ ಲೆಕ್ಕದ ಫೈಲುಗಳನ್ನಷ್ಟೇ ಪೆನ್‌ಡ್ರೈವಿಗೆ ತೆಗೆದು ವಿಂಡೋಸ್ ಹೊಸದಾಗಿ ಹಾಕು.

ಇನ್ನು ಆಟ. ಕಾರ್ಡಿಗೆ ಶಕ್ತಿ ಸಾಲದೆ ಅಲ್ಲ, ಆಟ ಕಾರ್ಡಿನ ಜೊತೆ ಆಡುವ ಹಳೆ ಡೈರೆಕ್ಟ್‌ಎಕ್ಸ್ ಮಾತು ಹೊಸ ಡ್ರೈವರಿಗೆ (ಕಾರ್ಡು ನಡೆಸುವ ತಂತ್ರಾಂಶ) ಸರಿಯಾಗಿ ತಿಳಿಯುವುದಿಲ್ಲ. ಇನ್ನೊಂದುಂಟು: ಹಳೆ ಆಟಗಳು ಕಾರ್ಡಿನ ಮೆಮೊರಿಯನ್ನು 32 ಬಿಟ್ ಅಂಕೆಯಲ್ಲಿ ಎಣಿಸುತ್ತವೆ. 2 ಜಿಬಿ ದಾಟಿದರೆ ಕೆಲವಕ್ಕೆ ಅದು ಸೊನ್ನೆಗಿಂತ ಕೆಳಗೆ ಕಾಣುತ್ತದೆ, ಮೆಮೊರಿಯೇ ಇಲ್ಲವೆಂದು ನಿಂತುಬಿಡುತ್ತವೆ. ಡಿಜಿವೂಡೂ2 ಎಂಬ ಸಣ್ಣ ತಂತ್ರಾಂಶ ನಡುವೆ ಕೂತು ಹಳೆ ಮಾತನ್ನು ಡೈರೆಕ್ಟ್‌ಎಕ್ಸ್ 11ಕ್ಕೆ ತಿರುಗಿಸುತ್ತದೆ, ಸಣ್ಣ ಮೆಮೊರಿಯ ಕಾರ್ಡು ಇದೆ ಎಂದು ಆಟಕ್ಕೆ ತೋರಿಸುತ್ತದೆ. ಬರೆದವರ ಸ್ವಂತ ಪುಟದಿಂದಲೇ ಇಳಿಸಿಕೊ. ಅದರ ಎಂಎಸ್ ಫೋಲ್ಡರಿನೊಳಗೆ 32 ಬಿಟ್ ಆಟಗಳಿಗೆ ಎಕ್ಸ್86 ಫೋಲ್ಡರು ಇದೆ. ಅಲ್ಲಿಯ ಡಿಡ್ರಾ, ಡಿ3ಡಿಇಮ್ ಡಿಎಲ್‌ಎಲ್ ಎರಡನ್ನೂ ಆಟದ ಫೋಲ್ಡರಿಗೆ ಹಾಕು. ಸಿಸ್ಟಮ್32ಗೆ ಅಲ್ಲ! 64 ಬಿಟ್ ವಿಂಡೋಸಿನಲ್ಲಿ 32 ಬಿಟ್ ಆಟ ಅಲ್ಲಿ ನೋಡುವುದೂ ಇಲ್ಲ, ಸಿಸ್‌ವೌ64 ಫೋಲ್ಡರು ನೋಡುತ್ತದೆ. ಆಟ ತೆರೆದಾಗ ಪರದೆಯ ಮೂಲೆಯಲ್ಲಿ ಡಿಜಿವೂಡೂ ಮುದ್ರೆ ಕಂಡರೆ ಹತ್ತಿತು ಅಂತ ಲೆಕ್ಕ.

ಹೊನ್ನಾವರ: ಸರ್, ನನಗೆ ಆಟ ತೆರೆದ್ರೆ ಡಿ3ಡಿಎಕ್ಸ್9_43 ಡಿಎಲ್‌ಎಲ್ ಇಲ್ಲ ಅಂತ ಬರ್ತದೆ.

ರಿಪೇರಿಯವರು: ಮೈಕ್ರೋಸಾಫ್ಟಿನ ಜೂನ್ 2010ರ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಹಾಕಿ. ಬಿಡಿ ಡಿಎಲ್‌ಎಲ್ ಎಲ್ಲಿಂದಲೂ ಇಳಿಸಬೇಡಿ.

ಗೋಕರ್ಣ: ಎರಡು ಮಳೆಗಾಲ ಮೂಲೆಯಲ್ಲಿದ್ದ ಹಳೆ ಕಾರ್ಡಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಬಂದಿದೆ. ಒರೆಸಿ ಹಾಕಬಹುದಾ?

ಕುಮಟಾ: ಇಷ್ಟೆಲ್ಲ ಯಾಕೆ ಮಾರಾಯ್ರೆ, ಹಳೆ ವಿಂಡೋಸ್ ಎಕ್ಸ್‌ಪಿ ಹಾಕಿದ್ರೆ ಎಲ್ಲ ಆಟ ನಡೀತದೆ.

ಅಂಕೋಲಾ: ಈಗಿನ ಕಾರ್ಡಿಗೆ ಎಕ್ಸ್‌ಪಿ ಡ್ರೈವರ್ ಎಲ್ಲುಂಟು? ಹಾಕಿ ನೋಡಿದ್ದೀರಾ?

ಕುಮಟಾ: ನನ್ನ ಹತ್ರ ಇವತ್ತಿಗೂ ನಡೀತಾ ಉಂಟು.

ಅಂಕೋಲಾ: ನಿಮ್ಮ ಕಾರ್ಡು ಯಾವ ಕಾಲದ್ದು ಅದನ್ನ ಹೇಳಿ. ಆ ಹುಡುಗ ನಿಮ್ಮ ಮಾತು ಕೇಳಿ ಹೊಸ ಯಂತ್ರ ಅಳಿಸಿಕೊಂಡ್ರೆ ನೀವು ಬರ್ತೀರಾ ಶಿರಸಿಗೆ?

ಕುಮಟಾ: ಗೊತ್ತಿದ್ದದ್ದು ಹೇಳಿದೆ. ನಿಮ್ಮ ಒಪ್ಪಿಗೆ ಬೇಕಾಗಿಲ್ಲ.

ರಿಪೇರಿಯವರು: ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿದೆ. ಬ್ಯಾಂಕ್ ಕೆಲಸ ನಡೆಯುವ ಕಂಪ್ಯೂಟರಿಗೆ ಅದನ್ನು ಹಾಕು ಅಂತ ಯಾರೂ ಹೇಳಬೇಡಿ.

ಭಟ್ಕಳ: ಡಿ3ಡಿಎಕ್ಸ್9_43 ಕೇಳ್ತದೆ, ಏನು ಮಾಡೋದು?

ರಿಪೇರಿಯವರು: ಮೇಲೆ ಓದಿ.

ಯಲ್ಲಾಪುರ: 2003ರ ಆಟದ ಒರಿಜಿನಲ್ ಸಿಡಿ, ಸೇಫ್‌ಡಿಸ್ಕ್ ಅನ್ನೋ ನಕಲು ತಡೆ ಇರೋದು. ಹೊಸದರಲ್ಲಿ ಏಳೋದೇ ಇಲ್ಲ. ಈ ಫಾರ್ವರ್ಡ್ ನೋಡಿ, ಅದರ ಡ್ರೈವರ್ ಸೆಕ್‌ಡ್ರೈವ್ ಫೈಲ್ ಹಾಕಿದ್ರೆ ಸರಿಹೋಗ್ತದಂತೆ.

ರಿಪೇರಿಯವರು: ಹಾಕಬೇಡಿ. ಸೆಕ್‌ಡ್ರೈವ್‌ನಲ್ಲಿ ಭದ್ರತೆಯ ದೋಷ ಇತ್ತು. ಅದಕ್ಕೇ ವಿಂಡೋಸ್ 10ರಿಂದ ಅದನ್ನು ಬಿಟ್ಟಿದ್ದಾರೆ. ಆಟ ಡಿಜಿಟಲ್ ಅಂಗಡಿಯಲ್ಲಿದ್ದರೆ ಅಲ್ಲಿ ಕೊಳ್ಳಿ, ಸಿಡಿ ಕೇಳುವುದಿಲ್ಲ. ಇನ್ನು ಮೇಲೆ ಫಾರ್ವರ್ಡ್ ಹಾಕಿದವರ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಕುಮಟಾ: ಕೇಳಿದ್ದಕ್ಕೆ ಹೀಗೆ ಗದರಿದ್ರೆ ಗ್ರೂಪ್ ಯಾಕೆ?

ಗೋಕರ್ಣ: ನನ್ನ ಕಿಲುಬಿನ ಪ್ರಶ್ನೆ ಯಾರಾದ್ರೂ ನೋಡಿದ್ರಾ?

ಶಿರಸಿ: ಅಣ್ಣ, ಮೂಲೆಲ್ಲಿ ಮುದ್ರೆ ಕಂಡ್ತು! ಷಿಕಾಗೋ ರಸ್ತೆಲ್ಲಿ ಕಾರು ಓಡ್ತಾ ಇದ್ದು.

ರಿಪೇರಿಯವರು: ಸ್ಕ್ಯಾನ್ ಮುಗೀತಾ? ಅಪ್ಪ ಪಾಸ್‌ವರ್ಡ್ ಬದಲಿಸಿದರಾ?

ಶಿರಸಿ: ಅಪ್ಪ ತೋಟದಿಂದ ಬಂದ ಮೇಲೆ ಅಣ್ಣ.

ರಿಪೇರಿಯವರು: ಆಟ ಮುಚ್ಚಿ ನೆಟ್ ಬಂದ್ ಮಾಡಿ ತೋಟಕ್ಕೆ ಹೋಗಿ ಕರೆದುಕೊಂಡು ಬಾ.