12 ವೋಲ್ಟ್ ಬ್ಯಾಟರಿಯಿಂದ ಇಎಸ್‌ಪಿ32, ಸಿಮ್800ಎಲ್: 7805 ಕಾಯಾಕತ್ತದ, ಏನ್ ಹಾಕಬೇಕು?

ತಿಕೋಟಾ_ಡ್ರಿಪ್:
ದ್ರಾಕ್ಷಿ ತೋಟದ ಡ್ರಿಪ್ ವಾಲ್ವ್ ಫೋನಿನಿಂದ ಚಾಲೂ-ಬಂದ್ ಮಾಡೂ ಬೋರ್ಡ್. 12 ವೋಲ್ಟ್ 7 ಎಎಚ್ ಬ್ಯಾಟರಿ, 20 ವ್ಯಾಟ್ ಸೋಲಾರ್ ಪ್ಲೇಟ್, ನಡುವ ಚಾರ್ಜ್ ಕಂಟ್ರೋಲರ್. 12ನ್ನ 5 ವೋಲ್ಟಿಗೆ ಇಳಿಸೂ ಒಂದ 7805 ರೆಗ್ಯುಲೇಟರಿನಿಂದ ಇಎಸ್‌ಪಿ32 (ವೈಫೈ ಇರೂ ಕಂಟ್ರೋಲರ್ ಬೋರ್ಡ್), ರಿಲೇ, ಸಿಮ್800ಎಲ್ (ಸಿಮ್ ಹಾಕೂ ಮೊಬೈಲ್ ಮಾಡ್ಯೂಲ್) ಮೂರಕ್ಕೂ ಕೊಟ್ಟೀನಿ. ಸಿಮ್ಮಿಗೆ ನಡುವ ಒಂದು 1ಎನ್4007 ಡಯೋಡ್ ಹಾಕಿ ವೋಲ್ಟ್ ಇಳಿಸೀನಿ. ಮಧ್ಯಾಹ್ನ 7805 ಮುಟ್ಟಾಕ ಬರೂದಿಲ್ಲ, ತಾನ ಬಂದ್ ಬೀಳತದ. ನೆಟ್‌ವರ್ಕ್ ಹುಡುಕುವಾಗ ಸಿಮ್ ಬೋರ್ಡ್ ರೀಸ್ಟಾರ್ಟ್ ಆಗತದ. ದೊಡ್ಡ ಹೀಟ್‌ಸಿಂಕ್ ಸಾಕೇನ್ರಿ? ಇಲ್ಲಾ ಎಲ್‌ಎಂ2596, ಎಂಪಿ1584 ಬಕ್ ಮಾಡ್ಯೂಲ್ (ಬಿಸಿ ಕಡಿಮಿ ಮಾಡಿ ವೋಲ್ಟ್ ಇಳಿಸೂವು) ಎರಡರಾಗ ಯಾವುದು ತರಲಿ?

ಇಳಕಲ್_ಸೋಲ್ಡರ್:
ಹೀಟ್‌ಸಿಂಕಿಗೆ ರೊಕ್ಕ ಹಾಕಬ್ಯಾಡ್ರಿ. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟ್ ಮುಟ್ಟತೈತಿ. ಅದರಾಗ 5 ಕಳದ್ರ 9.4, 0.3 ಆಂಪ್ ಹರದ್ರ 2.8 ವ್ಯಾಟ್ ಬರೇ ಬಿಸಿ. ಹೀಟ್‌ಸಿಂಕ್ ಇಲ್ಲದ 7805 ಒಂದು ವ್ಯಾಟಿಗೆ ಸುಮಾರು 60 ಡಿಗ್ರಿ ಏರತೈತಿ, ಮ್ಯಾಲೆ ನಮ್ಮ ಕಡೆ ಬ್ಯಾಸಗಿ 40 ಬ್ಯಾರೆ. ಅದು ಕೆಟ್ಟಿಲ್ಲ, ಥರ್ಮಲ್ ಶಟ್‌ಡೌನ್ ಆಗಿ, ಅಂದ್ರ ಬಿಸಿ ಹೆಚ್ಚಾದಾಗ ತಾನ ಬಂದ್ ಆಗಿ, ಜೀವ ಉಳಿಸ್ಕೋತೈತಿ.

ಸಿಮ್ಮಿಂದು ಬ್ಯಾರೆ ರೋಗ. ಅದಕ್ಕ 3.4ರಿಂದ 4.4 ವೋಲ್ಟ್ ಬೇಕು, ಸಿಗ್ನಲ್ ಬಿಡುವಾಗ ಕ್ಷಣಮಾತ್ರ 2 ಆಂಪ್ ತನಕ ಎಳೀತೈತಿ. ಡಯೋಡ್ ಸುಮ್ಮನಿದ್ದಾಗ 0.6 ನುಂಗತೈತಿ, ಅಂದ್ರ 4.4, ಅಂಚಿನ ಮ್ಯಾಗ. 2 ಆಂಪ್ ಎಳದಾಗ 1 ವೋಲ್ಟ್ ದಾಟತೈತಿ, 7805 ಅಷ್ಟು ಕೊಡೂದೂ ಇಲ್ಲ. ಎರಡು ಬಕ್ ಮಾಡ್ಯೂಲ್ ತರ್ರಿ: ಒಂದು 5.0 ವೋಲ್ಟ್, ಇಎಸ್‌ಪಿ32 ಮತ್ತ ರಿಲೇಗೆ, ಇನ್ನೊಂದು 4.0, ಸಿಮ್ಮಿಗೆ ಮಾತ್ರ. ಬೋರ್ಡ್ ಹಚ್ಚೂಕಿಂತ ಮೊದಲು ಖಾಲಿ ಔಟ್‌ಪುಟ್‌ಗೆ ಮೀಟರ್ ಹಿಡದು ಸ್ಕ್ರೂ ತಿರುವ್ರಿ. ಹೊಸಾ ಮಾಡ್ಯೂಲ್ ಎಷ್ಟಕ್ಕ ನಿಂತಿರತೈತೋ ಹೇಳಾಕ ಬರೂದಿಲ್ಲ. ಹತ್ತು ಸುತ್ತು ತಿರುವಿದ್ರೂ ಅಂಕಿ ಅಲುಗಲಿಲ್ಲಂದ್ರ ಇನ್ನೂ ತಿರುವ್ರಿ, ಅದು ಬಹುಸುತ್ತಿನ ಸ್ಕ್ರೂ.

ಸಿಮ್ ಪಿನ್ ಬುಡಕ್ಕ 1000 ಮೈಕ್ರೋಫ್ಯಾರಡ್, 10 ವೋಲ್ಟ್, 105 ಡಿಗ್ರಿ ಕೆಪಾಸಿಟರ್, ಪಕ್ಕಕ್ಕ 0.1 ಮೈಕ್ರೋಫ್ಯಾರಡ್ ಸೆರಾಮಿಕ್. ಮಾಡ್ಯೂಲ್ ಬ್ಯಾಟರಿ ಹತ್ರ ಇಟ್ಟು 4 ವೋಲ್ಟ್ ದೂರ ಒಯ್ಯಬ್ಯಾಡ್ರಿ: 1 ಚದರ ಮಿಮೀ ವೈರ್ 10 ಮೀಟರ್ ಹೋಗಿ ಬಂದ್ರ 2 ಆಂಪಿಗೆ 0.7 ವೋಲ್ಟ್ ದಾರ್ಯಾಗ ಹೋಗತೈತಿ. 12 ಒಯ್ದು ಅಲ್ಲೇ ಇಳಸ್ರಿ. ಇನ್ನೊಂದು, ಅದು 2ಜಿ ಮಾಡ್ಯೂಲ್, ಜಿಯೋ ಸಿಮ್ ನಡಿಯೂದಿಲ್ಲ.

ಬೆಳಗಾವಿ_ಬೆಸುಗೆ:
ಇಲ್ಲಿ ಎಲ್‌ಎಂ2596 ತಗೋರಿ. ಎಂಪಿ1584 ಚಿಕ್ಕದು, ಚೆಂದ, ಆದರೆ ಇನ್‌ಪುಟ್ 28 ವೋಲ್ಟ್‌ಗೇ ಮುಗೀತು, 2596ಕ್ಕೆ 40. ಬ್ಯಾಟರಿ ಕ್ಲಿಪ್ ಸಡಿಲಾದರೆ ಅಗ್ಗದ ಕಂಟ್ರೋಲರ್ ಪ್ಲೇಟಿನ 21–22 ವೋಲ್ಟ್ ನೇರ ಲೋಡಿಗೆ ಬಿಡಬಹುದು, ಅದರ ಮೇಲೆ ವಾಲ್ವ್ ಕಾಯಿಲ್ ಬಂದ್ ಆದಾಗಿನ ಒದೆತ. ಕಾಯಿಲಿಗೆ ಅಡ್ಡಲಾಗಿ ಒಂದು 1ಎನ್4007, ಪಟ್ಟಿ ಇರುವ ತುದಿ ಪ್ಲಸ್‌ಗೆ. ಇನ್‌ಪುಟ್‌ನಲ್ಲಿ 2 ಆಂಪ್ ಫ್ಯೂಸ್, ಅದರ ನಂತರ ಎಸ್‌ಎಂಬಿಜೆ24ಎ ಟಿವಿಎಸ್ (ವೋಲ್ಟ್ ಏಕಾಏಕಿ ಏರಿದರೆ ತಡೆಯುವ ಡಯೋಡ್). ಆ ಟಿವಿಎಸ್ ಹಿಡಿದು ನಿಲ್ಲಿಸುವುದು 38.9 ವೋಲ್ಟ್‌ಗೆ, 2596 ಬದುಕುತ್ತದೆ, 1584 ಬದುಕುವುದಿಲ್ಲ.

ತಿಕೋಟಾ_ಡ್ರಿಪ್:
ತಿಳೀತ್ರಿ. ಇನ್ನೊಂದು ಬೋರ್ಡ್ ಅದ, ಬರೇ ಮಣ್ಣಿನ ತೇವ ನೋಡೂದು, ಒಂದು 18650 ಲಿಥಿಯಂ ಸೆಲ್ ಮ್ಯಾಲೆ. ಅದರಾಗಿನ ಇಎಸ್‌ಪಿ32ಕ್ಕ 3.3 ವೋಲ್ಟ್ ಕೊಡಾಕ ಎಎಂಎಸ್1117 ರೆಗ್ಯುಲೇಟರ್ ನಡೀತದೇನು?

ಬೆಳಗಾವಿ_ಬೆಸುಗೆ:
ಇಲ್ಲ. ಪೂರ್ತಿ ಲೋಡಿಗೆ ಅದು ತನಗೇ 1.1 ವೋಲ್ಟ್ ಇಟ್ಟುಕೊಳ್ಳುತ್ತದೆ, 3.3 ಬರಲು 4.4 ಬೇಕು, ತುಂಬಿದ ಸೆಲ್ಲೇ 4.2. ಸುಮ್ಮನಿದ್ದಾಗಲೂ 5 ಮಿಲಿಆಂಪ್ ತಿನ್ನುತ್ತದೆ, ದಿನಕ್ಕೆ 120 ಎಂಎಎಚ್. 2500ರ ಸೆಲ್ ಮೂರು ವಾರಕ್ಕೆ ಖಾಲಿ. ಇನ್ನೊಂದು ರೆಗ್ಯುಲೇಟರ್ ಎಚ್‌ಟಿ7333 ಕೇವಲ 4 ಮೈಕ್ರೋಆಂಪ್ ತಿಂದರೂ 250 ಮಿಲಿಆಂಪ್ ಮಾತ್ರ ಕೊಡುತ್ತದೆ, ವೈಫೈ ಎದ್ದಾಗ ವೋಲ್ಟ್ ಕುಸಿದು ಬ್ರೌನ್‌ಔಟ್ ರೀಸೆಟ್ ಹೊಡೆಯುತ್ತದೆ. ಎಪಿ2112ಕೆ-3.3 ಹಾಕಿ: 600 ಮಿಲಿಆಂಪ್, ಸುಮ್ಮನಿದ್ದಾಗ 55 ಮೈಕ್ರೋಆಂಪ್.

ಇಳಕಲ್_ಸೋಲ್ಡರ್:
ಎಪಿ2112ಕೆ ಔಟ್‌ಪುಟ್ ಇಎಸ್‌ಪಿ32 ಬೋರ್ಡಿನ 3.3 ಪಿನ್ನಿಗೆ ಕೊಡ್ರಿ, ವಿನ್ ಪಿನ್ನಿಗೆ ಅಲ್ಲ. ಅಲ್ಲಿ ಮತ್ತ ಎಎಂಎಸ್1117 ಕುಂತಿರತೈತಿ. ಬೋರ್ಡಿನ ಪವರ್ ಎಲ್‌ಇಡಿ ಕಿತ್ತು ಹಾಕ್ರಿ. ಪ್ರೋಗ್ರಾಂ ಹಾಕಾಕ ಯುಎಸ್‌ಬಿ ಚುಚ್ಚುವಾಗ ಸೆಲ್ ತಗದಿರ್ರಿ.